ಮದ್ದು ಮೈಯೊಳಗೆ ಮಾಡುವುದೇನು?

(ತಾಲ್ಲೂಕಿನ ಅಧ್ಯಯನ ವರ್ಗದಲ್ಲಿ ಮಾಡಿದ ಭಾಷಣದ ಪಾಠ)



ನಮ್ಮ ಭಾಷೆಯಲ್ಲಿ ‘ಮದ್ದು’ ಎಂಬುದೊಂದು ವಿಚಿತ್ರವಾದ ಮಾತು. ಜ್ವರಕ್ಕೆ ಕುಡಿಯುವುದೂ ಮದ್ದು, ತೋಪಿಗೆ ತುಂಬುವುದೂ ಮದ್ದು, ಆಗದವರಿಗೆ ಅನ್ನದಲ್ಲಿ ಕಲಸಿ ಇಕ್ಕುತ್ತಾರೆಂದು ಜನ ಹೆದರುವುದೂ ಮದ್ದೇ. ಬಯಲುಸೀಮೆಯ ಕಡೆ ಹೋದರೆ ಹತ್ತಿಯ ಹುಳಕ್ಕೆ ವಿಷ ಸಿಂಪಡಿಸುವುದನ್ನು ರೈತರು ‘ಔಷಧಿ ಹೊಡೆಯುವುದು’ ಎನ್ನುತ್ತಾರೆ. ಭಾಷೆ ಕೆಟ್ಟಿತೆಂದು ಪಂಡಿತರು ಮೂಗು ಮುರಿಯಬಹುದು. ನಮಗೆ ಹಾಗೆನಿಸುವುದಿಲ್ಲ. ಗುಣ ಮಾಡುವುದೂ ಕೊಲ್ಲುವುದೂ ಒಂದೇ ಚೀಲದಲ್ಲಿವೆ ಎಂಬುದನ್ನು ಜನ ಅನುಭವದಿಂದ ಕಂಡುಕೊಂಡಿದ್ದಾರೆ. ೧೬ನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಪ್ಯಾರಸೆಲ್ಸಸ್ ಎಂಬ ವೈದ್ಯನೂ ಇದೇ ತೀರ್ಮಾನಕ್ಕೆ ಬಂದಿದ್ದ: ವಿಷಕ್ಕೂ ಮದ್ದಿಗೂ ನಡುವೆ ಇರುವ ಗೋಡೆ ಪ್ರಮಾಣವೊಂದೇ.

ಈ ದಿನ ನಾವು ಯಾವ ರೋಗಕ್ಕೆ ಯಾವ ಮದ್ದೆಂಬುದನ್ನು ಹೇಳಹೊರಟಿಲ್ಲ. ಅದು ರೋಗಿಯನ್ನು ಮುಂದೆ ಕೂರಿಸಿಕೊಂಡು ಡಾಕ್ಟರು ತೀರ್ಮಾನಿಸಬೇಕಾದದ್ದು. ನಾವು ಕೇಳಹೊರಟ ಪ್ರಶ್ನೆ ಅದಕ್ಕಿಂತ ಸರಳವಾದದ್ದು. ಬಾಯಿಗೆ ಹಾಕಿಕೊಂಡ ಗುಳಿಗೆ ಎಲ್ಲಿಗೆ ಹೋಗುತ್ತದೆ, ಅಲ್ಲಿ ಏನು ಮಾಡುತ್ತದೆ, ಕೊನೆಗೆ ಅದರ ಗತಿ ಏನು? ಇದನ್ನೆಲ್ಲ ತಿಳಿದು ಕೂಲಿಯವನಿಗೆ ಆಗಬೇಕಾದದ್ದೇನು ಎಂದು ಯಾರಾದರೂ ಕೇಳಿಯಾರು. ಒಂದು ದಿನದ ಕೂಲಿ ಕಳೆದುಕೊಂಡು, ಇನ್ನೊಂದು ದಿನದ ಕೂಲಿಯನ್ನು ಔಷಧಿ ಅಂಗಡಿಯಲ್ಲಿ ಸುರಿಯುವವನು ಅವನೇ. ತಾನು ಕೊಂಡದ್ದು ಏನೆಂದು ತಿಳಿಯುವ ಹಕ್ಕು ಬೇರೆಲ್ಲರಿಗಿಂತ ಅವನಿಗೆ ಹೆಚ್ಚು.

ಎಲ್ಲರೂ ಬಲ್ಲ ಪ್ಯಾರಸಿಟಮಾಲ್ ಗುಳಿಗೆಯನ್ನೇ ತೆಗೆದುಕೊಳ್ಳೋಣ. ಅದರ ಹಾಳೆಯ ಮೇಲೆ ೫೦೦ ಮಿಲಿಗ್ರಾಂ ಎಂದು ಬರೆದಿರುತ್ತದೆ. ಅಂದರೆ ಮದ್ದು ಇರುವುದು ಅರ್ಧ ಗ್ರಾಂ, ಉಳಿದದ್ದು ಗುಳಿಗೆಯನ್ನು ಗಟ್ಟಿಯಾಗಿ ಹಿಡಿಯಲು ಬೆರೆಸಿದ ಪಿಷ್ಟ ಮುಂತಾದದ್ದು. ಜಠರದಲ್ಲಿ ಗುಳಿಗೆ ನೆನೆದು, ಒಡೆದು, ಕರಗುತ್ತದೆ. ಆದರೆ ಅದು ರಕ್ತಕ್ಕೆ ಸೇರುವುದು ಬಹುಪಾಲು ಅದರ ಮುಂದಿನ ಸಣ್ಣ ಕರುಳಿನಲ್ಲಿ. ಈ ಕರುಳು ಸುಮಾರು ೬ ಮೀಟರ್ ಉದ್ದ. ಒಳಮೈ ಮಡಿಕೆ ಮಡಿಕೆಯಾಗಿ, ಮಡಿಕೆಯ ಮೇಲೆ ಮಖಮಲ್ಲಿನಂತೆ ಎಳೆ ಎಳೆಯಾಗಿ ಇರುವುದರಿಂದ ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು ೩೦ ಚದರ ಮೀಟರ್ ಆದೀತೆಂದು ಈಚಿನ ಲೆಕ್ಕ. ಬಡವರಿಗೆಂದು ಸರ್ಕಾರ ಕಟ್ಟಿಸಿಕೊಡುವ ಮನೆಯ ನೆಲ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ! ಇಷ್ಟು ದೊಡ್ಡ ಹಾಸಿನ ಮೇಲೆ ಮದ್ದು ಹರಡಿ ರಕ್ತಕ್ಕೆ ಇಳಿಯುತ್ತದೆ. ಹೊಟ್ಟೆ ತುಂಬಿದ್ದರೆ ಜಠರ ನಿಧಾನವಾಗಿ ಖಾಲಿಯಾಗುವುದರಿಂದ ಇಳಿಯುವುದೂ ತಡ. ಊಟಕ್ಕೆ ಮುಂಚೆ, ಊಟದ ಮೇಲೆ ಎಂದು ಚೀಟಿಯಲ್ಲಿ ಬರೆಯುವುದು ಶಾಸ್ತ್ರಕ್ಕಲ್ಲ. ಟೆಟ್ರಾಸೈಕ್ಲಿನ್ನನ್ನು ಹಾಲಿನ ಜೊತೆ ನುಂಗಿದರೆ ಹಾಲಿನ ಸುಣ್ಣದಂಶ ಅದನ್ನು ಹಿಡಿದುಕೊಂಡು ರಕ್ತಕ್ಕೆ ಬಿಡುವುದಿಲ್ಲ. ನೋವಿನ ಗುಳಿಗೆಗಳನ್ನು ಬರಿಹೊಟ್ಟೆಯಲ್ಲಿ ನುಂಗಿದರೆ ಜಠರದ ಒಳಪದರಕ್ಕೆ ಪೆಟ್ಟು.

ಕರುಳಿನಿಂದ ಹೊರಟ ರಕ್ತ ನೇರವಾಗಿ ಗುಂಡಿಗೆಗೆ ಹೋಗುವುದಿಲ್ಲ. ಮೊದಲು ಯಕೃತ್ತಿಗೆ — ನಮ್ಮಲ್ಲಿ ಈಲಿ ಎಂದೂ ಕರೆಯುವ ಅಂಗಕ್ಕೆ — ಹೋಗಲೇಬೇಕು. ಅದೊಂದು ಸುಂಕದ ಕಟ್ಟೆ. ಹೊರಗಿನಿಂದ ಬಂದ ಪ್ರತಿಯೊಂದು ವಸ್ತುವನ್ನೂ ಅಲ್ಲಿ ತಡೆದು, ಒಡೆದು, ಬದಲಾಯಿಸಿ, ತನ್ನ ಪಾಲನ್ನು ಕಿತ್ತುಕೊಂಡು ಉಳಿದದ್ದನ್ನು ಮುಂದಕ್ಕೆ ಬಿಡುತ್ತಾರೆ. ಕೆಲವು ಮದ್ದುಗಳಿಗೆ ಈ ಸುಂಕ ಅಲ್ಪ. ಕೆಲವಕ್ಕೆ ಬಹುಮಟ್ಟಿಗೆ ಪೂರ್ತಿ. ಎದೆನೋವಿನ ನೈಟ್ರೋಗ್ಲಿಸರಿನ್ ನುಂಗಿದರೆ ಹೆಚ್ಚಿನಂಶ ಈ ಕಟ್ಟೆಯಲ್ಲೇ ಮುಗಿದುಹೋಗುತ್ತದೆ. ಆದುದರಿಂದಲೇ ಅದನ್ನು ನಾಲಗೆಯ ಕೆಳಗಿಡುವುದು: ಅಲ್ಲಿಯ ತೆಳ್ಳನೆಯ ಚರ್ಮದಿಂದ ರಕ್ತಕ್ಕೆ ಇಳಿದು, ಕಟ್ಟೆಯನ್ನು ಬಳಸಿಕೊಂಡು ಗುಂಡಿಗೆಯನ್ನು ಸೇರುತ್ತದೆ. ಸಕ್ಕರೆ ಕಾಯಿಲೆಯ ಇನ್ಸುಲಿನ್ ಒಂದು ಪ್ರೋಟೀನು. ಹೊಟ್ಟೆಗೆ ಹೋದರೆ ಬೇಳೆಯಂತೆ ಜೀರ್ಣವಾಗಿಬಿಡುತ್ತದೆ. ಅದಕ್ಕೇ ಅದಕ್ಕೆ ಸೂಜಿ.

ಯಕೃತ್ತನ್ನು ದಾಟಿದ ಮೇಲೆ ಮದ್ದು ರಕ್ತದ ಜೊತೆ ಊರೆಲ್ಲ ಸುತ್ತುತ್ತದೆ. ವಯಸ್ಕನ ಮೈಯಲ್ಲಿರುವ ಸುಮಾರು ೫ ಲೀಟರ್ ರಕ್ತ ಒಂದು ನಿಮಿಷದ ಆಸುಪಾಸಿನಲ್ಲಿ ಒಂದು ಸುತ್ತು ಮುಗಿಸುತ್ತದೆ. ತಲೆನೋವಿನ ಗುಳಿಗೆ ತಲೆಗೆ ಹೋಗುತ್ತದೆ, ಮೊಣಕಾಲಿನ ಗುಳಿಗೆ ಮೊಣಕಾಲಿಗೆ ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಜನಕ್ಕಿದೆ. ಗುಳಿಗೆಗೆ ವಿಳಾಸ ತಿಳಿಯದು. ಅದು ಕಿವಿಗೂ ಹೋಗುತ್ತದೆ, ಕಾಲಿನ ಕಿರುಬೆರಳಿಗೂ ಹೋಗುತ್ತದೆ, ಬಸುರಿಯಾದರೆ ಹೊಟ್ಟೆಯೊಳಗಿನ ಕೂಸಿಗೂ ಹೋಗುತ್ತದೆ. ಈ ಕೊನೆಯ ಮಾತನ್ನು ಜಗತ್ತು ಕಲಿತದ್ದು ಘೋರವಾದ ಬೆಲೆ ತೆತ್ತು. ೧೯೫೭ರಲ್ಲಿ ಜರ್ಮನಿಯಲ್ಲಿ ನಿದ್ರೆಗೆಂದು ಮಾರಾಟಕ್ಕೆ ಬಂದ ಥ್ಯಾಲಿಡೋಮೈಡನ್ನು ಬಸುರಿಯರಿಗೂ ಕೊಟ್ಟರು. ೧೯೬೧ರಲ್ಲಿ ಅದನ್ನು ಹಿಂದಕ್ಕೆ ಪಡೆಯುವ ವೇಳೆಗೆ ಹಲವು ದೇಶಗಳಲ್ಲಿ ಕೈಕಾಲು ಬೆಳೆಯದ ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹುಟ್ಟಿದ್ದರು.

ಮದ್ದು ಮೈಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ? ಗದ್ದೆಗೆ ನೀರು ಕಟ್ಟಿದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕಾಲುವೆಯಿಂದ ನೀರು ಬರುತ್ತಿರುತ್ತದೆ, ಇತ್ತ ಬದುವಿನಲ್ಲಿ ಸೋರುತ್ತ, ಕೆಳಗೆ ಇಂಗುತ್ತ ಇರುತ್ತದೆ. ಪೈರಿಗೆ ಬೇಕಾದದ್ದು ಒಂದು ಮಟ್ಟದ ನೀರು. ಅದಕ್ಕಿಂತ ಇಳಿದರೆ ಒಣಗುತ್ತದೆ, ಏರಿದರೆ ಕೊಳೆಯುತ್ತದೆ. ಮೈಯಲ್ಲಿ ಸೋರುವ ಬಾಗಿಲು ಎರಡು: ಯಕೃತ್ತು ಮದ್ದನ್ನು ಒಡೆಯುತ್ತದೆ, ಮೂತ್ರಪಿಂಡ ಸೋಸಿ ಹೊರಕ್ಕೆ ಹಾಕುತ್ತದೆ. ಪ್ಯಾರಸಿಟಮಾಲಿನ ಪ್ರಮಾಣ ರಕ್ತದಲ್ಲಿ ಎರಡು ಮೂರು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಪೆನಿಸಿಲಿನ್ನಂತೂ ಇನ್ನೂ ಅವಸರದ್ದು. ೧೯೪೦ರ ದಶಕದ ಆರಂಭದಲ್ಲಿ ಅದು ಚಿನ್ನಕ್ಕಿಂತ ದುರ್ಲಭವಾಗಿದ್ದಾಗ ರೋಗಿಗಳ ಮೂತ್ರದಿಂದಲೇ ಅದನ್ನು ಮರಳಿ ತೆಗೆದು ಮತ್ತೆ ಬಳಸಿದ್ದುಂಟು. ದಿನಕ್ಕೆ ಮೂರು ಸಲ ಎಂದು ಹೇಳಿದ ಗುಳಿಗೆಯನ್ನು ರಾತ್ರಿ ಒಂದೇ ಸಲ ಮೂರು ನುಂಗಿದರೆ ಲೆಕ್ಕ ಸರಿಹೋಯಿತೆಂದು ಭಾವಿಸುವವರು ಗದ್ದೆಯನ್ನು ನೆನೆದುಕೊಳ್ಳಬೇಕು. ವಾರದ ನೀರನ್ನು ಒಂದೇ ದಿನ ಹಾಯಿಸುವ ರೈತ ಇದ್ದಾನೆಯೇ?

ಪ್ಯಾರಸಿಟಮಾಲನ್ನೂ ಹಗುರವಾಗಿ ಎಣಿಸಬೇಡಿ. ವಯಸ್ಕನಿಗೆ ದಿನಕ್ಕೆ ೪ ಗ್ರಾಂ, ಎಂದರೆ ೫೦೦ರ ಎಂಟು ಗುಳಿಗೆ ಮೇರೆ. ಯಕೃತ್ತು ಅದನ್ನು ಒಡೆಯುವಾಗ ಒಂದು ಪಾಲು ವಿಷಯುಕ್ತ ವಸ್ತುವಾಗುತ್ತದೆ. ಅದನ್ನು ತಣಿಸುವ ದಾಸ್ತಾನು ಯಕೃತ್ತಿನಲ್ಲಿಯೇ ಇದೆ. ಮೇರೆ ಮೀರಿದರೆ ದಾಸ್ತಾನು ಮುಗಿದು ವಿಷವು ಯಕೃತ್ತನ್ನೇ ಸುಡುತ್ತದೆ. ದಿನವೂ ಕುಡಿಯುವವರಿಗೂ ಹೊಟ್ಟೆಗಿಲ್ಲದವರಿಗೂ ದಾಸ್ತಾನು ಮೊದಲೇ ಕಡಿಮೆ. ಅವರಿಗೆ ಮೇರೆಯೂ ಕಡಿಮೆ.

ಇಲ್ಲಿ ಸೂಜಿಯ ವಿಚಾರವನ್ನು ಎತ್ತದೆ ಮುಂದೆ ಹೋಗುವಂತಿಲ್ಲ. ‘ಡಾಕ್ಟರೇ, ಗುಳಿಗೆ ಬೇಡ, ಒಂದು ಇಂಜೆಕ್ಷನ್ ಹಾಕಿಬಿಡಿ’ ಎಂದು ನಮ್ಮ ಜನ ಕೇಳುತ್ತಾರೆ; ಹಾಕದ ಡಾಕ್ಟರು ಕೈಲಾಗದವನೆಂದು ಮುಂದಿನ ಬೀದಿಗೆ ಹೋಗುತ್ತಾರೆ. ಸೂಜಿ ಎಂಬುದು ಬೇರೆ ಜಾತಿಯ ಮದ್ದಲ್ಲ, ಬೇರೆ ಬಾಗಿಲು ಅಷ್ಟೆ. ವಾಂತಿ ನಿಲ್ಲದವನಿಗೆ, ಪ್ರಜ್ಞೆ ತಪ್ಪಿದವನಿಗೆ, ನಿಮಿಷದೊಳಗೆ ಕೆಲಸ ಆಗಬೇಕಾದಲ್ಲಿ ಆ ಬಾಗಿಲು ಬೇಕು. ನಡೆದುಬಂದು, ಮಾತಾಡಿ, ಕಾಫಿ ಕುಡಿದು ಹೋಗುವವನಿಗೆ ಏತಕ್ಕೆ? ‘ಗ್ಲೂಕೋಸ್ ಬಾಟ್ಲಿ ಹಾಕಿಸಿಕೊಂಡೆ, ಶಕ್ತಿ ಬಂತು’ ಎನ್ನುವವರಿದ್ದಾರೆ. ಅರ್ಧ ಲೀಟರಿನ ೫ ಪರ್ಸೆಂಟಿನ ಬಾಟ್ಲಿಯಲ್ಲಿರುವ ಗ್ಲೂಕೋಸ್ ೨೫ ಗ್ರಾಂ. ಅದರ ಶಕ್ತಿ ೧೦೦ ಕ್ಯಾಲೊರಿಯನ್ನು ಮೀರದು. ಒಂದು ಬಾಳೆಹಣ್ಣಿನದೂ ಅಷ್ಟೇ. ಬಾಳೆಹಣ್ಣಿಗೆ ಮಂಚ ಬೇಡ, ಮಂಚದ ಬಾಡಿಗೆ ಬೇಡ.

ವಾಂತಿಭೇದಿಯಲ್ಲಿ ಕೂಡ ಬಾಟ್ಲಿಯೇ ಗತಿ ಎಂದು ವೈದ್ಯಶಾಸ್ತ್ರವೂ ಬಹುಕಾಲ ನಂಬಿತ್ತು. ೧೯೬೦ರ ದಶಕದಲ್ಲಿ ತಿಳಿದುಬಂದ ಒಂದು ಸಣ್ಣ ವಿಷಯ ಇದನ್ನು ತಲೆಕೆಳಗು ಮಾಡಿತು. ಕರುಳಿನ ಗೋಡೆಯಲ್ಲಿ ಉಪ್ಪಿನಂಶ ಒಳಕ್ಕೆ ಬರುವ ಒಂದು ಬಾಗಿಲಿದೆ. ಆ ಬಾಗಿಲಿನಲ್ಲಿ ಉಪ್ಪು ಒಂಟಿಯಾಗಿ ಬಾರದು, ಗ್ಲೂಕೋಸಿನ ಕೈಹಿಡಿದೇ ಬರಬೇಕು. ಇಬ್ಬರೂ ಬಂದರೆ ಹಿಂದೆಯೇ ನೀರು ಬರುತ್ತದೆ. ಕಾಲರಾ ರೋಗಿಯ ಕರುಳಿನಲ್ಲೂ ಈ ಬಾಗಿಲು ಕೆಡುವುದಿಲ್ಲ. ೧೯೭೧ರಲ್ಲಿ ಬಾಂಗ್ಲಾದ ನಿರಾಶ್ರಿತರು ತುಂಬಿದ್ದ ಬಂಗಾಳದ ಬೊನ್‌ಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ಬಾಟ್ಲಿಗಳು ಮುಗಿದಾಗ ಡಾಕ್ಟರ್ ದಿಲೀಪ್ ಮಹಲಾನಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಂತೆ ಸಾಯುತ್ತಿದ್ದಲ್ಲಿ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಒಂದು ಲೀಟರ್ ಶುದ್ಧ ನೀರಿಗೆ ಸಣ್ಣ ಚಮಚದಲ್ಲಿ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಮಟ್ಟ ಚಮಚ ಉಪ್ಪು. ಪೊಟ್ಟಣ ಸಿಗದ ಕಡೆ ಇದು ಸಾಕು. ಉಪ್ಪು ಹೆಚ್ಚಾಗಕೂಡದು.

ಇನ್ನು ಮುಖ್ಯವಾದ ಮಾತಿಗೆ ಬರೋಣ. ಮದ್ದು ಎಲ್ಲ ಕಡೆಗೂ ಹೋಗುವುದಾದರೆ ಕೆಲವು ಕಡೆ ಮಾತ್ರ ಕೆಲಸ ಮಾಡುವುದು ಹೇಗೆ? ೧೯೦೫ರಲ್ಲಿ ಕೇಂಬ್ರಿಜ್‌ನ ಲ್ಯಾಂಗ್ಲಿ ಎಂಬ ವಿಜ್ಞಾನಿ ಹೊಗೆಸೊಪ್ಪಿನ ನಿಕೋಟಿನ್ ಮತ್ತು ಬಾಣದ ವಿಷವಾದ ಕ್ಯುರಾರೆ ಇವೆರಡನ್ನೂ ಸ್ನಾಯುಗಳ ಮೇಲೆ ಹಾಕಿ ನೋಡಿದ. ಒಂದು ಸ್ನಾಯುವನ್ನು ಬಿಗಿಸುತ್ತಿತ್ತು, ಇನ್ನೊಂದು ಆ ಬಿಗಿತವನ್ನು ತಡೆಯುತ್ತಿತ್ತು. ಜೀವಕೋಶದ ಮೇಲೆ ಎರಡೂ ಸ್ಪರ್ಧಿಸುವ ಒಂದೇ ಜಾಗ ಇರಬೇಕು ಎಂದು ಊಹಿಸಿದ. ಊಹೆ ನಿಜವಾಯಿತು. ಜೀವಕೋಶಗಳ ಮೇಲೆ ಪ್ರೋಟೀನಿನ ಬೀಗಗಳಿವೆ. ಮೈಯೇ ತಯಾರಿಸುವ ರಸಗಳು ಅವುಗಳ ಬೀಗದಕೈಗಳು. ಮದ್ದುಗಳಲ್ಲಿ ಬಹುಪಾಲು ನಕಲಿ ಬೀಗದಕೈಗಳು. ಕೆಲವು ಬೀಗವನ್ನು ತಿರುಗಿಸುತ್ತವೆ. ಕೆಲವು ತೂತಿನಲ್ಲಿ ಕೂತು, ತಿರುಗದೆ, ನಿಜವಾದ ಕೈಯನ್ನೂ ಒಳಕ್ಕೆ ಬಿಡದೆ ತಡೆಯುತ್ತವೆ. ಬೀಗವಿಲ್ಲದ ಕಡೆ ಮದ್ದು ಸುಮ್ಮನೆ ಹಾದುಹೋಗುತ್ತದೆ. ಒಂದೇ ಬೀಗ ನಾಲ್ಕು ಕಡೆ ಇದ್ದರೆ, ಬೇಕಾದ ಕಡೆಯೂ ಬೇಡದ ಕಡೆಯೂ ತೆರೆಯುತ್ತದೆ. ಇದಕ್ಕೇ ಅಡ್ಡಪರಿಣಾಮ ಎನ್ನುವುದು.

ನಮ್ಮ ಹೊಲಗಳಲ್ಲೇ ನಡೆಯುವ ಒಂದು ಉದಾಹರಣೆಯನ್ನು ಹೇಳುತ್ತೇವೆ. ನರವು ಸ್ನಾಯುವಿಗೋ ಗ್ರಂಥಿಗೋ ಅಪ್ಪಣೆ ಕೊಡಬೇಕಾದರೆ ತನ್ನ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಸವನ್ನು ಬಿಡುತ್ತದೆ. ಅಪ್ಪಣೆ ಮುಟ್ಟಿದ ಕೂಡಲೇ ಅದನ್ನು ಗುಡಿಸಿಹಾಕುವ ಒಂದು ಕಿಣ್ವ ಅಲ್ಲಿಯೇ ಕಾದಿರುತ್ತದೆ; ಅದರ ಒಂದು ಅಣು ಸೆಕೆಂಡಿಗೆ ಸಾವಿರಾರು ಅಣುಗಳನ್ನು ಒಡೆಯಬಲ್ಲದು. ಮ್ಯಾಲಥಿಯಾನ್, ಕ್ಲೋರ್‌ಪೈರಿಫಾಸ್ ಮೊದಲಾದ ರಂಜಕಯುಕ್ತ ಕೀಟನಾಶಕಗಳು ಈ ಕಿಣ್ವದ ಕೈಯನ್ನು ಕಟ್ಟಿಹಾಕುತ್ತವೆ. ಹುಳ ಸಾಯುವುದು ಹೀಗೆ. ಗಾಳಿಗೆದುರಾಗಿ, ಬರಿಮೈಯಲ್ಲಿ, ದಿನವಿಡೀ ಹೊಡೆಯುವ ಕೂಲಿಯಾಳಿನ ಚರ್ಮದಿಂದಲೂ ಈ ವಿಷ ಒಳಗಿಳಿಯುತ್ತದೆ. ಗುಡಿಸುವವರಿಲ್ಲದೆ ಅಪ್ಪಣೆಗಳು ರಾಶಿ ಬೀಳುತ್ತವೆ. ಬೆವರು, ಜೊಲ್ಲು, ಕಣ್ಣೀರು ಸುರಿಯುತ್ತದೆ. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗುತ್ತದೆ. ಶ್ವಾಸಕೋಶದಲ್ಲಿ ನೊರೆ ತುಂಬುತ್ತದೆ. ಸ್ನಾಯು ಅದುರಿ ಅದುರಿ ಸೋತು ಉಸಿರು ನಿಲ್ಲುತ್ತದೆ. ಸಾಲಕ್ಕೆ ಹೆದರಿ ಅದನ್ನೇ ಕುಡಿದವರ ಕಥೆ ನಮ್ಮ ಯಾವ ಹಳ್ಳಿಗೂ ಹೊಸತಲ್ಲ.

ಇದಕ್ಕೆ ಆಸ್ಪತ್ರೆಯಲ್ಲಿ ಕೊಡುವುದು ಅಟ್ರೋಪಿನ್. ಅದು ವಿಷವನ್ನು ಮುಟ್ಟುವುದಿಲ್ಲ, ಕಿಣ್ವದ ಕಟ್ಟನ್ನೂ ಬಿಚ್ಚುವುದಿಲ್ಲ. ಗ್ರಂಥಿಗಳ, ಶ್ವಾಸನಾಳಗಳ, ಗುಂಡಿಗೆಯ ಬೀಗದ ತೂತಿನಲ್ಲಿ ತಾನು ಹೋಗಿ ಕೂಡುತ್ತದೆ, ಅಷ್ಟೆ. ಅಪ್ಪಣೆ ಎಷ್ಟು ಕೂಗಿದರೂ ಬಾಗಿಲು ತೆರೆಯದು. ನೊರೆ ಒಣಗುತ್ತದೆ, ಉಸಿರು ಸಲೀಸಾಗುತ್ತದೆ. ಬೇರೆ ಸಮಯದಲ್ಲಿ ೦.೬ ಮಿಲಿಗ್ರಾಂ ಕೊಡುವ ಈ ಮದ್ದನ್ನು ಇಂಥವನಿಗೆ ಕೆಲವು ನಿಮಿಷಗಳಿಗೊಮ್ಮೆ ಇಮ್ಮಡಿ ಮಾಡುತ್ತ ಹತ್ತಾರು ಸೂಜಿ ಕೊಡಬೇಕಾಗಬಹುದು. ಆರೋಗ್ಯವಂತನಿಗೆ ಅಷ್ಟು ಕೊಟ್ಟರೆ ಅವನು ಹುಚ್ಚುಹಿಡಿದಂತೆ ಕೂಗಾಡಿ ಸಾಯುವ ಸ್ಥಿತಿಗೆ ಬರುತ್ತಾನೆ. ಪ್ಯಾರಸೆಲ್ಸಸನ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕದು. ಸ್ನಾಯುಗಳ ಬೀಗ ಮಾತ್ರ ಬೇರೆ ಜಾತಿಯದು, ಅಟ್ರೋಪಿನ್ ಅದಕ್ಕೆ ಕೂಡುವುದಿಲ್ಲ. ಹೀಗಾಗಿ ರೋಗಿಗೆ ಉಸಿರಾಡಿಸುವ ಯಂತ್ರವೂ ಹತ್ತಿರದಲ್ಲಿರಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಇದೆಯೇ, ನಡೆಸುವವರು ಇದ್ದಾರೆಯೇ ಎಂಬುದು ವೈದ್ಯಶಾಸ್ತ್ರದ ಪ್ರಶ್ನೆಯಲ್ಲ, ಬಡ್ಜೆಟ್ಟಿನ ಪ್ರಶ್ನೆ. ಅಲ್ಲಿಯವರೆಗೆ ನಾವು ಮಾಡಬೇಕಾದದ್ದು — ವಿಷ ತಗಲಿದ ಬಟ್ಟೆ ಕಳಚಿ, ಮೈಯನ್ನು ಸೋಪು ನೀರಿನಿಂದ ತೊಳೆದು, ಡಬ್ಬಿಯ ಸಮೇತ ಆಸ್ಪತ್ರೆಗೆ ಒಯ್ಯುವುದು. ಅಟ್ರೋಪಿನ್ ನಮ್ಮ ಬೇಲಿಯ ಮದಗುಣಿಕೆ ಗಿಡದಲ್ಲೂ ಇದೆ. ಅದನ್ನು ಕೇಳಿ ಯಾರೂ ಮದಗುಣಿಕೆಯ ಕಾಯಿ ಅರೆಯಲು ಹೋಗಬಾರದು. ಒಂದು ಕಾಯಿಯಲ್ಲಿ ಎಷ್ಟಿದೆ ಎಂದು ಯಾರಿಗೆ ಗೊತ್ತು? ಅಳೆಯಲಾಗದ್ದು ಮದ್ದಾಗಲಾರದು.

ಎಲ್ಲ ಮದ್ದೂ ಬೀಗಕ್ಕೇ ಹೋಗುವುದಿಲ್ಲ. ಆಸ್ಪಿರಿನ್, ಡೈಕ್ಲೊಫಿನಾಕ್ ಮುಂತಾದ ನೋವಿನ ಮದ್ದುಗಳು ನೋವು, ಊತ ಹುಟ್ಟಿಸುವ ರಸವನ್ನು ತಯಾರಿಸುವ ಕಿಣ್ವವನ್ನೇ ನಿಲ್ಲಿಸುತ್ತವೆ. ಆಸ್ಪಿರಿನ್ ೧೮೯೯ರಿಂದ ಮಾರಾಟದಲ್ಲಿದ್ದರೂ ಅದು ಹೀಗೆ ಕೆಲಸ ಮಾಡುತ್ತದೆಂದು ಇಂಗ್ಲೆಂಡಿನ ಜಾನ್ ವೇನ್ ತೋರಿಸಿದ್ದು ೧೯೭೧ರಲ್ಲಿ. ಎಪ್ಪತ್ತು ವರ್ಷ ಜಗತ್ತು ಕಾರಣ ತಿಳಿಯದೆಯೇ ನುಂಗಿತು! ಅದೇ ಕಿಣ್ವ ಜಠರದ ಗೋಡೆಯನ್ನು ಕಾಯುವ, ಮೂತ್ರಪಿಂಡದ ರಕ್ತ ಹರಿವನ್ನು ನೋಡಿಕೊಳ್ಳುವ ರಸಗಳನ್ನೂ ತಯಾರಿಸುತ್ತದೆ. ಕಲ್ಲು ಒಡೆಯುವವರು, ಮೂಟೆ ಹೊರುವವರು, ನಾಟಿ ಹಾಕುವ ಹೆಂಗಸರು ದಿನವೂ ಸಂಜೆ ಒಂದು ನೋವಿನ ಗುಳಿಗೆ ನುಂಗಿ ಮರುದಿನ ಮತ್ತೆ ಕೆಲಸಕ್ಕೆ ಹೋಗುತ್ತಾರೆ. ವರ್ಷಗಟ್ಟಲೆ ಹೀಗೆ ನಡೆದು ಮೂತ್ರಪಿಂಡ ಸೋಲುವವರಿದ್ದಾರೆ. ಹದ್ದುಗಳ ಕಥೆ ಕೇಳಿದ್ದೀರಷ್ಟೆ? ದನಗಳಿಗೆ ಕೊಟ್ಟ ಡೈಕ್ಲೊಫಿನಾಕ್ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳಿಗೆ ಸೇರಿ, ಅವುಗಳ ಮೂತ್ರಪಿಂಡ ಕೆಟ್ಟು, ನಮ್ಮ ದೇಶದ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನಾಶವಾದವು. ಕಾರಣ ಗೊತ್ತಾದದ್ದು ೨೦೦೪ರಲ್ಲಿ; ದನಗಳಿಗೆ ಅದನ್ನು ಕೊಡುವುದನ್ನು ೨೦೦೬ರಲ್ಲಿ ನಿಷೇಧಿಸಿದರು. ದನಕ್ಕೆ ಹಿಡಿಸಿದ್ದು ಹದ್ದಿಗೆ ವಿಷ. ಅಂದಮೇಲೆ ಒಬ್ಬ ಮನುಷ್ಯನಿಗೆ ಬರೆದ ಚೀಟಿಯಲ್ಲಿ ಮತ್ತೊಬ್ಬನು ಮದ್ದು ತರುವುದನ್ನು ಏನೆನ್ನಬೇಕು? ಡೆಂಗ್ಯೂ ಜ್ವರದಲ್ಲಂತೂ ಆಸ್ಪಿರಿನ್ ಜಾತಿಯ ಗುಳಿಗೆ ರಕ್ತಸ್ರಾವಕ್ಕೆ ದಾರಿ.

ರೋಗಾಣುಗಳನ್ನು ಕೊಲ್ಲುವ ಮದ್ದುಗಳ ರೀತಿಯೇ ಬೇರೆ. ಅವು ನಮ್ಮ ಮೈಯ ಮೇಲಲ್ಲ, ಮೈಯೊಳಗೆ ಸೇರಿದ ಶತ್ರುವಿನ ಮೇಲೆ ಕೆಲಸ ಮಾಡಬೇಕು. ೧೯೨೮ರಲ್ಲಿ ಫ್ಲೆಮಿಂಗ್ ಕಂಡ ಪೆನಿಸಿಲಿನ್ ಬ್ಯಾಕ್ಟೀರಿಯ ತನ್ನ ಸುತ್ತ ಕಟ್ಟಿಕೊಳ್ಳುವ ಗೋಡೆಯ ಕೆಲಸವನ್ನು ಕೆಡಿಸುತ್ತದೆ. ಗೋಡೆಯಿಲ್ಲದ ಬ್ಯಾಕ್ಟೀರಿಯ ಒಡೆದು ಸಾಯುತ್ತದೆ. ನಮ್ಮ ಜೀವಕೋಶಗಳಿಗೆ ಅಂಥ ಗೋಡೆಯೇ ಇಲ್ಲ. ಒಗ್ಗದಿಕೆ ಇರುವ ಕೆಲವರನ್ನು ಬಿಟ್ಟರೆ ನಮಗೆ ಅದು ಅಪಾಯ ಮಾಡದಿರುವುದು ಅದಕ್ಕಾಗಿ. ವೈರಸ್ಸಿಗೂ ಗೋಡೆಯಿಲ್ಲ. ಆದುದರಿಂದ ನೆಗಡಿಗೆ ಈ ಮದ್ದು ನುಂಗುವುದು ಬಾಗಿಲಿಲ್ಲದ ಮನೆಗೆ ಅಗಳಿ ಕೊಂಡಂತೆ. ೧೯೫೭ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ವೈರಸ್ಸಿನದು. ಆ ವೈರಸ್ಸನ್ನು ನೇರವಾಗಿ ಕೊಲ್ಲುವ ಮದ್ದು ಇನ್ನೂ ಬಂದಿಲ್ಲ. ಕಾಡಂಚಿನ ಬಡವರ ಕಾಯಿಲೆಗೆ ಮದ್ದು ಹುಡುಕುವುದರಲ್ಲಿ ಕಂಪನಿಗಳಿಗೆ ಲಾಭವೆಲ್ಲಿಂದ ಬರಬೇಕು?

ಕ್ಷಯದ ವಿಚಾರಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕಾಗಿದೆ. ಶ್ವಾಸಕೋಶದಲ್ಲಿ ಗೂಡಾದ ಒಬ್ಬ ರೋಗಿಯ ಆ ಗೂಡಿನಲ್ಲಿ ಸುಮಾರು ೧೦ ಕೋಟಿ ರೋಗಾಣುಗಳಿರಬಹುದು. ಐಸೋನಿಯಾಜಿಡ್ ಎಂಬ ಮದ್ದಿಗೆ ಜಗ್ಗದವು ಹುಟ್ಟಿನಿಂದಲೇ ೧೦ ಲಕ್ಷಕ್ಕೆ ಒಂದರಂತೆ ಇರುತ್ತವೆ. ಆ ಮದ್ದೊಂದನ್ನೇ ಕೊಟ್ಟರೆ ಉಳಿಯುವವು ನೂರು. ರೋಗಿ ಚೇತರಿಸುತ್ತಾನೆ, ಕೆಮ್ಮು ನಿಲ್ಲುತ್ತದೆ; ಆ ನೂರು ಮಾತ್ರ ಒಳಗೆ ಕೂತು ಮರಿಹಾಕುತ್ತವೆ. ಕೆಲವು ತಿಂಗಳಲ್ಲಿ ಮತ್ತೆ ಕೋಟಿ. ಈ ಸಲ ಎಲ್ಲವೂ ಜಗ್ಗದವೇ. ೧೯೪೭–೪೮ರಲ್ಲಿ ಇಂಗ್ಲೆಂಡಿನಲ್ಲಿ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟು ನೋಡಿದಾಗ ಮೊದಲು ಗುಣವಾದ ಹಲವರು ಮತ್ತೆ ಬಿದ್ದದ್ದು ಇದರಿಂದಲೇ. ರಿಫಾಂಪಿಸಿನ್‌ಗೆ ಜಗ್ಗದವು ೧೦ ಕೋಟಿಗೆ ಒಂದು. ಎರಡನ್ನೂ ಒಟ್ಟಿಗೆ ಕೊಟ್ಟರೆ, ಎರಡಕ್ಕೂ ಜಗ್ಗದ್ದು ಒಂದು ಕೋಟಿ ಕೋಟಿಗೆ ಒಂದು. ಅಷ್ಟು ರೋಗಾಣುಗಳು ಯಾರ ಎದೆಯಲ್ಲೂ ಇರುವುದಿಲ್ಲ. ಕ್ಷಯಕ್ಕೆ ಒಟ್ಟೊಟ್ಟಿಗೆ ಹಲವು ಮದ್ದು ಏಕೆಂಬುದು ಈ ಸಣ್ಣ ಗುಣಾಕಾರದಲ್ಲಿದೆ. ಮೊದಲ ಎರಡು ತಿಂಗಳು ನಾಲ್ಕು, ಮುಂದಿನ ನಾಲ್ಕು ತಿಂಗಳು ಮೂರು.

ಆರು ತಿಂಗಳು ಏಕೆ? ಗೋಡೆ ಕಟ್ಟುವ, ಬೆಳೆಯುವ ರೋಗಾಣುವನ್ನು ಮದ್ದು ಬೇಗ ಹಿಡಿಯುತ್ತದೆ. ಕೆಲವು ಮಾತ್ರ ಅರೆನಿದ್ರೆಯಲ್ಲಿ ಬಿದ್ದಿರುತ್ತವೆ. ಅವು ಆಗೊಮ್ಮೆ ಈಗೊಮ್ಮೆ ಏಳುತ್ತವೆ. ಏಳುವ ದಿನ ಮದ್ದು ರಕ್ತದಲ್ಲಿ ಇರಲೇಬೇಕು. ಎರಡನೆಯ ತಿಂಗಳಲ್ಲಿ ‘ಹುಷಾರಾದೆ’ ಎಂದು ಗುಳಿಗೆ ಬಿಡುವವನು ಮಲಗಿದವರನ್ನು ಉಳಿಸಿಹೋಗುತ್ತಾನೆ. ನಡುನಡುವೆ ಬಿಟ್ಟು ಬಿಟ್ಟು ನುಂಗುವುದು ಇನ್ನೂ ಕೆಟ್ಟದ್ದು; ಜಗ್ಗದವಕ್ಕೆ ಅದು ಗರಡಿ. ಅವನ ಕೆಮ್ಮಿನಿಂದ ಅವನ ಮಗುವಿಗೆ ಹತ್ತುವುದೂ ಆ ಜಗ್ಗದ ರೋಗಾಣುವೇ. ಆದರೆ ಬಿಟ್ಟವನನ್ನು ಬೈದು ಮುಗಿಸುವುದು ಸುಲಭ. ಕೆಲಸ ಹುಡುಕಿ ಬೆಂಗಳೂರಿಗೋ ಗೋವೆಗೋ ಹೋದದ್ದು, ಮನೆಯ ಒಡೆಯನಿಗೆ ಗೊತ್ತಾದರೆ ಮನೆ ಬಿಡಿಸುತ್ತಾನೆಂಬ ಭಯ, ಆಸ್ಪತ್ರೆಯಲ್ಲೇ ಗುಳಿಗೆ ಬಾರದೆ ನಿಂತದ್ದು — ಇವೆಲ್ಲ ಅವನ ಚಪಲದ ಕಾರಣಗಳಲ್ಲ. ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ. ಯಾವ ಊರಿಗೆ ಹೋದರೂ ಅಲ್ಲಿ ಕೇಳಿ ಪಡೆಯಬಹುದು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ರಕ್ತವೆಂದು ಹೆದರಬೇಡಿ, ಅದು ರಿಫಾಂಪಿಸಿನ್ ಹೊರಗೆ ಹೋಗುತ್ತಿರುವ ಗುರುತು. ಕಣ್ಣು ಹಳದಿಯಾದರೆ ಮಾತ್ರ ಆ ದಿನವೇ ಡಾಕ್ಟರ ಬಳಿಗೆ ಹೋಗಿ, ಯಕೃತ್ತು ದಣಿದಿದೆ. ರಿಫಾಂಪಿಸಿನ್ ಸುಂಕದ ಕಟ್ಟೆಯ ಆಳುಗಳನ್ನು ಹೆಚ್ಚಿಸುವುದರಿಂದ ಮಕ್ಕಳಾಗದ ಗುಳಿಗೆಯೂ ಅಲ್ಲಿ ಬೇಗ ಒಡೆದು ಕೆಲಸ ಕೆಡುತ್ತದೆ. ಹೆಂಗಸರು ಇದನ್ನು ನಾಚದೆ ಡಾಕ್ಟರೊಡನೆ ಮಾತಾಡಬೇಕು.

ಇನ್ನೊಂದು ವಿಶೇಷ. ಐಸೋನಿಯಾಜಿಡನ್ನು ಕೆಲವರ ಯಕೃತ್ತು ಬೇಗ ಒಡೆಯುತ್ತದೆ, ಕೆಲವರದು ನಿಧಾನ. ಇದು ತಾಯಿತಂದೆಯರಿಂದ ಬಂದದ್ದು. ನಿಧಾನದವರಲ್ಲಿ ಮದ್ದು ಕೂಡುತ್ತ ಹೋಗಿ ಕಾಲು ಜೋಮುಹಿಡಿಯುವ ಸಂಭವ ಹೆಚ್ಚು. ಅದಕ್ಕೆ ಬಿ-೬ ಜೀವಸತ್ವ ಕೊಡುತ್ತಾರೆ. ‘ಪಕ್ಕದ ಮನೆಯವನಿಗೆ ಏನೂ ಆಗಲಿಲ್ಲ, ನನಗೇ ಏಕೆ?’ ಎಂಬ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಇಷ್ಟ. ಎಳೆಯ ಕೂಸಿನ ಯಕೃತ್ತು, ಮೂತ್ರಪಿಂಡ ಎರಡೂ ಬಲಿತಿರುವುದಿಲ್ಲ, ಮುದುಕರದು ಸವೆದಿರುತ್ತದೆ. ದೊಡ್ಡವರ ಗುಳಿಗೆಯ ಕಾಲು ಚೂರು ಮಗುವಿನ ಮದ್ದಾಗದು.

೧೯೫೬ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಒಂದು ಪರೀಕ್ಷೆಯಲ್ಲಿ ಕ್ಷಯರೋಗಿಗಳ ಒಂದು ಗುಂಪನ್ನು ಸ್ಯಾನಿಟೋರಿಯಮ್ಮಿನಲ್ಲಿ ಒಳ್ಳೆಯ ಊಟ, ವಿಶ್ರಾಂತಿಯೊಡನೆ ಇಟ್ಟರು. ಇನ್ನೊಂದು ಗುಂಪಿಗೆ ಅವರ ಇಕ್ಕಟ್ಟಾದ ಬಡ ಮನೆಗಳಲ್ಲೇ ಅದೇ ಮದ್ದು. ೧೯೫೯ರಲ್ಲಿ ಫಲ ಪ್ರಕಟವಾದಾಗ ಎರಡೂ ಗುಂಪು ಹೆಚ್ಚುಕಡಿಮೆ ಸಮನಾಗಿ ಗುಣವಾಗಿದ್ದವು. ಸ್ಯಾನಿಟೋರಿಯಮ್ಮಿನಲ್ಲಿ ಜಾಗವಿಲ್ಲದ ಲಕ್ಷಾಂತರ ಬಡವರಿಗೆ ಇದು ಬಿಡುಗಡೆಯ ಮಾತಾಗಿತ್ತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿದ್ದೂ ೧೯೫೯ರಲ್ಲಿಯೇ. ಮದ್ದೊಂದಿದ್ದರೆ ಸಾಕು, ಊಟದ ಮಾತೇಕೆ ಎಂದು ಇದರಿಂದ ತೀರ್ಮಾನಿಸಿದವರೂ ಉಂಟು; ಅದು ಸರಿಯಲ್ಲ. ಜಾರ್ಖಂಡಿನಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ, ಮಂಗಳೂರಿನ ವೈದ್ಯ ದಂಪತಿ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರು ಮುಂದೆ ನಿಂತು ನಡೆಸಿದ ಪರೀಕ್ಷೆಯಲ್ಲಿ ರೋಗಿಯ ಮನೆಯವರಿಗೆ ಅಕ್ಕಿ, ಬೇಳೆಯ ಪಡಿ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ನೂರಕ್ಕೆ ೩೯ರಷ್ಟು ತಗ್ಗಿತು. ರೋಗಾಣುವನ್ನು ಮದ್ದು ಕೊಲ್ಲುತ್ತದೆ. ರೋಗಾಣುವಿಗೆ ಜಾಗ ಕೊಡದಿರುವುದು ಅನ್ನ.

ಬೆಲೆಯ ಮಾತು. ಮೈಗೆ ತಿಳಿಯುವುದು ಅಣು ಒಂದೇ. ಹಾಳೆಯ ಮೇಲಿನ ಬಣ್ಣದ ಹೆಸರನ್ನು ಯಕೃತ್ತು ಓದುವುದಿಲ್ಲ. ದೊಡ್ಡ ಅಕ್ಷರದ ಕಂಪನಿಯ ಹೆಸರಿನ ಹತ್ತಿರವೇ ಮದ್ದಿನ ನಿಜವಾದ ಹೆಸರು ಇರುತ್ತದೆ, ಅದನ್ನು ಓದಲು ಕಲಿಯಿರಿ. ಗುಣಮಟ್ಟ ಪರೀಕ್ಷೆಯಾದ ಅಗ್ಗದ ಗುಳಿಗೆಯೂ ದುಬಾರಿಯದೂ ಮೈಯೊಳಗೆ ಒಂದೇ ಕೆಲಸ ಮಾಡುತ್ತವೆ. ಆ ಪರೀಕ್ಷೆಯನ್ನು ಸರ್ಕಾರ ನೆಟ್ಟಗೆ ಮಾಡಬೇಕು ಎಂಬುದೇ ನಮ್ಮ ತಗಾದೆ. ೧೯೭೦ರ ಪೇಟೆಂಟ್ ಕಾನೂನು ಮದ್ದಿನ ಅಣುವಿಗೆ ಪೇಟೆಂಟ್ ಕೊಡದೆ, ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು; ನಮ್ಮ ದೇಶದಲ್ಲಿ ಮದ್ದು ಅಗ್ಗವಾದದ್ದರಲ್ಲಿ ಇದರ ಪಾಲು ದೊಡ್ಡದು. ೨೦೦೫ರಿಂದ ಅಣುವಿಗೂ ಪೇಟೆಂಟ್ ಬಂತು. ರಕ್ತದ ಕ್ಯಾನ್ಸರಿನ ಒಂದು ಬಗೆಯಲ್ಲಿ, ಹುಚ್ಚೆದ್ದ ಒಂದೇ ಒಂದು ಕಿಣ್ವದ ಬಾಯಿ ಮುಚ್ಚುವ ಇಮಾಟಿನಿಬ್ ಎಂಬ ಮದ್ದಿದೆ. ನೊವಾರ್ಟಿಸ್ ಕಂಪನಿ ಗ್ಲಿವೆಕ್ ಎಂಬ ಹೆಸರಿನಲ್ಲಿ ಅದಕ್ಕೆ ತಿಂಗಳಿಗೆ ಸುಮಾರು ೧ ಲಕ್ಷ ೨೦ ಸಾವಿರ ರೂಪಾಯಿ ಕೇಳುತ್ತಿದ್ದಾಗ ನಮ್ಮ ಕಂಪನಿಗಳು ಸುಮಾರು ೧೦ ಸಾವಿರಕ್ಕೆ ಕೊಡುತ್ತಿದ್ದವು. ಹಳೆಯ ಅಣುವಿನ ಹೊಸ ರೂಪಕ್ಕೆ ಪೇಟೆಂಟ್ ಬೇಕೆಂಬ ನೊವಾರ್ಟಿಸಿನ ವಾದವನ್ನು ೨೦೧೩ರ ಏಪ್ರಿಲ್ ೧ರಂದು ಸುಪ್ರೀಂ ಕೋರ್ಟು ತಳ್ಳಿಹಾಕಿತು.

ಸಭೆಯಿಂದ ಎರಡು ಚೀಟಿಗಳು ಬಂದಿವೆ. ಒಬ್ಬರು, ‘ಗಿಡಮೂಲಿಕೆಯ ಮದ್ದಿಗೆ ಅಡ್ಡಪರಿಣಾಮ ಇಲ್ಲವಂತೆ, ನಿಜವೇ?’ ಎಂದು ಕೇಳಿದ್ದಾರೆ. ಪರಿಣಾಮ ಇರುವ ಯಾವುದಕ್ಕೂ ಅಡ್ಡಪರಿಣಾಮ ಇದ್ದೇ ಇದೆ, ಮದಗುಣಿಕೆಯೂ ಗಿಡವೇ. ಗಿಡದಿಂದ ಬಂದ ಉತ್ತಮ ಮದ್ದುಗಳೂ ಬೇಕಾದಷ್ಟಿವೆ, ನೋವಿನ ಮಾರ್ಫಿನ್ ಗಸಗಸೆ ಗಿಡದ್ದು. ಆದರೆ ಹೆಸರಿಲ್ಲದ ಪುಡಿ ಮೂರೇ ದಿನದಲ್ಲಿ ಕೀಲುನೋವನ್ನೂ ಉಬ್ಬಸವನ್ನೂ ಓಡಿಸಿದರೆ ಅನುಮಾನ ಪಡಿ. ಅದರಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಎಷ್ಟೋ ಕಡೆ ಪರೀಕ್ಷೆಯಲ್ಲಿ ಸಿಕ್ಕಿದೆ. ಅಂಥದನ್ನು ತಿಂಗಳುಗಟ್ಟಲೆ ನುಂಗಿದವರು ಫಕ್ಕನೆ ನಿಲ್ಲಿಸುವುದೂ ಅಪಾಯ, ಏಕೆಂದರೆ ಅಷ್ಟರಲ್ಲಿ ಮೈ ತನ್ನ ಸ್ವಂತ ಸ್ಟಿರಾಯ್ಡ್ ತಯಾರಿಕೆಯನ್ನು ನಿಲ್ಲಿಸಿಬಿಟ್ಟಿರುತ್ತದೆ. ಡಾಕ್ಟರ ಕಣ್ಣೆದುರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

ಇನ್ನೊಬ್ಬರು, ‘ಗುಳಿಗೆಯನ್ನು ಅರ್ಧ ಮುರಿದು ನುಂಗಬಹುದೇ?’ ಎಂದಿದ್ದಾರೆ. ನಡುವೆ ಗೀರು ಇರುವ ಗುಳಿಗೆಯನ್ನು, ಡಾಕ್ಟರು ಅರ್ಧ ಎಂದಿದ್ದರೆ, ಮುರಿಯಬಹುದು. ಹೊಳಪಿನ ಲೇಪವಿರುವ ಗುಳಿಗೆಗಳಲ್ಲಿ ಕೆಲವಕ್ಕೆ ಜಠರದ ಹುಳಿಯನ್ನು ದಾಟಿ ಕರುಳಿನಲ್ಲಿ ಕರಗಲೆಂದೇ ಆ ಲೇಪ ಹಾಕಿರುತ್ತಾರೆ. ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಬಿಡುವಂತೆ ಮಾಡಿದ ಗುಳಿಗೆಗಳೂ ಇವೆ. ಅವುಗಳ ಹೆಸರಿನ ಹಿಂದೆ ‘ಎಸ್‌ಆರ್’ ಎಂದೋ ‘ಇಆರ್’ ಎಂದೋ ಎರಡು ಅಕ್ಷರ ಇರುತ್ತದೆ. ಅವನ್ನು ಮುರಿದರೆ, ಅರೆದರೆ ಇಡೀ ದಿನದ ಮದ್ದು ಒಂದೇ ಗಂಟೆಯಲ್ಲಿ ರಕ್ತಕ್ಕೆ ಇಳಿಯುತ್ತದೆ. ಇಡೀ ಗುಳಿಗೆ ನುಂಗಲಾಗದ ಮುದುಕರು ಮನೆಯಲ್ಲಿದ್ದರೆ ಚೀಟಿ ಬರೆಸುವಾಗಲೇ ಅದನ್ನು ಹೇಳಿ. ಬಹುತೇಕ ಮದ್ದುಗಳಿಗೆ ಬೇರೆ ರೂಪ ಸಿಗುತ್ತದೆ.